ಬಳೆಗಾರ್ತಿ ಖಾಜಾಬಿ ತೋರಿಸಿದ ಮನೆ

ಮೊನ್ನೆ ಭಾನುವಾರ ಬಾಗಿಲು ಹಾಕುವಾಗ ಕೈಯ ಹಸಿರು ಗಾಜಿನ ಬಳೆಯೊಂದು ಚಿಲಕಕ್ಕೆ ತಾಗಿ ಒಡೆಯಿತು. ಚೂರು ಆರಿಸುತ್ತಿರುವಾಗಲೇ ಫೋನು ಬಂತು. ಮಾಡಿದವಳು ಹುಮನಾಬಾದಿನ ಸುನಂದಾ. ಮೊದಲು ನನ್ನ ಶಾಲೆಯಲ್ಲೇ ಟೀಚರಾಗಿದ್ದವಳು.

"ಅಕ್ಕಾ, ಮನಿ ತಗೋಬೇಕಂತ ಮಾಡೀನಿ. ನಿಮ್ಮ ಏಜೆಂಟ್ ನಂಬರ್ ಕೊಡ್ರಿ."

ನಗು ಬಂತು. ನನ್ನ ಏಜೆಂಟ್ ಬಳೆ ಮಾರುವವಳು ಎಂದರೆ ಅವಳು ನಂಬಬೇಕಲ್ಲ! ನೀವಾದರೂ ನಂಬಿ.

ನಾನು ಈ ಮನೆ ಕೊಂಡಾಗ ನನಗೆ ನಲವತ್ತಮೂರು. ಮದುವೆಯಾಗಿರಲಿಲ್ಲ, ಆಗುವ ವಿಚಾರವೂ ಇರಲಿಲ್ಲ. ಬಸವಕಲ್ಯಾಣದಲ್ಲಿ ಆರು ಬಾಡಿಗೆ ಮನೆ ಬದಲಿಸಿದ್ದೆ. ಆರನೆಯ ಮಾಲೀಕರು ಮಗನ ಮದುವೆಯ ನೆಪ ಹೇಳಿ ಬಿಡಿಸಿದಾಗ ಹಾಸಿಗೆ ಸುತ್ತುತ್ತಲೇ ಹಠ ಹಿಡಿದೆ. ಮುಂದಿನ ಸಲ ಗಂಟು ಬಿಚ್ಚುವುದು ಸ್ವಂತ ಮನೆಯಲ್ಲೇ, ಕಾಗದದ ಮೇಲೆ ನನ್ನದೊಂದೇ ಹೆಸರು. ನನ್ನ ಹಠ ಕತ್ತೆಯ ಹಠ ಎಂದು ತಮ್ಮ ಇಂದಿಗೂ ಹೇಳುತ್ತಾನೆ, ನಾನು ಅಲ್ಲವೆನ್ನುವುದಿಲ್ಲ.

ಆ ತಮ್ಮನ ಸ್ಕೂಟರಿನಲ್ಲೇ ಏಜೆಂಟರ ಬಳಿ ಹೋಗಬೇಕಿತ್ತು. ತಪ್ಪಾದದ್ದು ಅಲ್ಲೇ. ಹೆದ್ದಾರಿ ಪಕ್ಕದ ಗಾಜಿನ ಆಫೀಸಿನವನು ನನಗೆ ಚಹಾ ಕೊಟ್ಟ, ಮನೆಯ ನಕ್ಷೆಯನ್ನು ತಮ್ಮನಿಗೆ ಕೊಟ್ಟ. ತರಕಾರಿ ತರಲೂ ಹೆಂಡತಿಯ ಚೀಟಿ ಬೇಕಾದ ನನ್ನ ತಮ್ಮ ಗಂಭೀರವಾಗಿ ತಲೆಯಾಡಿಸಿದ. ಮಂಠಾಳದ ಕಡೆಯ ಇನ್ನೊಬ್ಬ ನನ್ನನ್ನೇ ಕೇಳಿದ, "ಯಜಮಾನ್ರು ಯಾವಾಗ ಬರ್ತಾರ್ರಿ?" ನಾನು "ಬಂದೀನಲ್ರಿ" ಎಂದೆ. ಪಾಪ, ಅವನು ನನ್ನ ಹಿಂದೆ ಬಾಗಿಲ ಕಡೆ ನೋಡಿದ.

ಅವತ್ತು ಸಂಜೆ, ಗಂಟು ಬಿಚ್ಚದೆ ಉಳಿದುಕೊಂಡಿದ್ದ ತಮ್ಮನ ಮನೆಯಲ್ಲಿ ಸಿಟ್ಟಿನಿಂದ ಕೂತಿದ್ದಾಗ ಬಂದವಳು ಖಾಜಾಬಿ. ಮೂವತ್ತು ವರ್ಷ ಬಳೆಯ ಬುಟ್ಟಿ ಹೊತ್ತು ಊರಿನ ಓಣಿಗಳನ್ನೆಲ್ಲ ತಿರುಗಿದವಳು. ಯಾವ ಮನೆ ಮಾರಾಟಕ್ಕಿದೆ ಎಂಬುದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ವ್ಯಾಪಾರ ಕುದುರಿಸಿದರೆ ದಲಾಲಿಯನ್ನೂ ಪಡೆಯುತ್ತಿದ್ದಳು. ನನ್ನ ಗೋಳು ಕೇಳಿ, "ನಾಳಿ ನನ್ನ ಸಂಗಟ ಬರ್ರಿ ಅಕ್ಕೋರ. ಸ್ಕೂಟರ್ ಬ್ಯಾಡ, ತಮ್ಮನೂ ಬ್ಯಾಡ" ಎಂದಳು.

ಹೋದಲ್ಲೆಲ್ಲ ಅವಳು ಬುಟ್ಟಿ ಇಳಿಸಿ ಮೊದಲು ಕೇಳುತ್ತಿದ್ದದ್ದು ಒಂದೇ: "ಈ ಮನೀ ಹೆಣ್ಮಕ್ಕಳು ಎಷ್ಟ ಮಂದಿ? ಎಲ್ಲೆಲ್ಲಿ ಕೊಟ್ಟೀರಿ?" ಬಳೆಯ ವ್ಯಾಪಾರ ಮಾಡಿ ನನ್ನ ಹೊತ್ತು ಹಾಳು ಮಾಡುತ್ತಿದ್ದಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಗಣಿತದ ಟೀಚರಲ್ಲವೇ, ಗೋಡೆ ಅಳೆಯುವುದೇ ಮನೆ ನೋಡುವುದು ಎಂದು ತಿಳಿದಿದ್ದೆ.

ನಾಲ್ಕನೆಯ ಮನೆಗೆ ನಾನು ಮನಸೋತುಬಿಟ್ಟೆ. ಎರಡು ಕೋಣೆ, ಕಲ್ಲಿನ ಪಡಸಾಲೆ, ಹಿತ್ತಲಲ್ಲಿ ಬೇಸಿಗೆಯಲ್ಲೂ ಬತ್ತದ ಬಾವಿ. ಮಾರುವ ಅಣ್ಣತಮ್ಮಂದಿರು ಆ ವಾರವೇ ಸಹಿಗೆ ತಯಾರಿದ್ದರು. ಹೊರಗೆ ಬಂದದ್ದೇ ಖಾಜಾಬಿ, "ಈ ಮನಿ ಬ್ಯಾಡ್ರಿ" ಎಂದಳು.

"ಯಾಕ? ನಿನಗೂ ದಲಾಲಿ ಸಿಗ್ತದಲ್ಲ?"

"ಸಿಗ್ತದ್ರಿ. ಆದ್ರ ಇವರ ತಂಗಿ ಮಾದೇವಿ ರಾಜೇಶ್ವರದಾಗ ಇದ್ದಾಳ. ಹೋದ ತಿಂಗಳ ಬಳಿ ತೊಡಸುವಾಗ ಅತ್ಲು. ಅಪ್ಪನ ಮನ್ಯಾಗ ಆಕೀದೂ ಪಾಲದ. ನಿಮ್ಮ ಹೆಸರು ಬರೀಲಿಕ್ಕೆ ಆಕಿ ಹೆಸರು ಒರಸಾಕತ್ತಾರ."

ನನಗೆ ಸಿಟ್ಟು ಬಂತು, ಅದೂ ಖಾಜಾಬಿಯ ಮೇಲೆ! ಈಗ ಹೇಳಲು ನಾಚಿಕೆಯಾಗುತ್ತದೆ. ಅವಳ ಮಾತು ಸುಳ್ಳೆಂದು ತೋರಿಸಲೆಂದೇ ಮರುದಿನ ರಾಜೇಶ್ವರದ ಬಸ್ಸು ಹತ್ತಿದೆ. ಮಾದೇವಿ ತೊಗರಿ ಕೇರುತ್ತಿದ್ದಳು. ಮೊರ ಕೆಳಗಿಡದೆಯೇ ಹೇಳಿದಳು: "ಸಹಿ ಮಾಡು ಅಂತ ಕಾಗದ ಕಳಸ್ಯಾರ್ರಿ. ನಿಂಗೇನು ಬೇಕು ಅಂತ ಯಾರೂ ಕೇಳಿಲ್ಲ."

ವಾಪಸು ಬಂದು ಅಣ್ಣತಮ್ಮಂದಿರಿಗೆ ಹೇಳಿದೆ, ತಂಗಿಗೆ ಅವಳ ಪಾಲು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರೆ ಮಾತ್ರ ನನ್ನ ಸಹಿ ಎಂದು. ಅವರು ರೇಗಿದರು, ಬೇರೆ ಗಿರಾಕಿ ಹುಡುಕಿದರು. ಆದರೆ ಬಂದ ಗಿರಾಕಿಗಳ ಮನೆಗೆಲ್ಲ ಖಾಜಾಬಿ ಬುಟ್ಟಿ ಹೊತ್ತು ಹೋಗಿ ಮಾದೇವಿಯ ಸುದ್ದಿ ಹೇಳಿಬರುತ್ತಿದ್ದಳು. ನಾನು ದಿನಾ ಆ ಮನೆಯ ಮುಂದೆಯೇ ಶಾಲೆಗೆ ಹೋಗುತ್ತಿದ್ದೆ. ಕೈಬಿಟ್ಟು ಹೋದೀತೆಂಬ ಭಯಕ್ಕೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಐದನೆಯ ತಿಂಗಳಿಗೆ ಅವರು ಮಣಿದರು. ತನ್ನ ಪಾಲು ಪಡೆದು ಸಹಿ ಮಾಡಿದ ಮಾದೇವಿ ಮನೆಗೆ ಬಂದು, ಬಾವಿಯಿಂದ ಒಂದು ಕೊಡ ಸೇದಿ, ತಾನೊಂದು ಬೊಗಸೆ ಕುಡಿದು ಕೊಡವನ್ನು ನನ್ನ ಕೈಗೆ ಕೊಟ್ಟಳು. ಅದೇ ನನ್ನ ಗೃಹಪ್ರವೇಶ.

ಇಷ್ಟೆಲ್ಲ ನೆನೆದು ಖಾಜಾಬಿಗೆ ಫೋನು ಮಾಡಿದೆ. ಈಗ ಅವಳ ಮೊಣಕಾಲುಗಳು ಸೋತಿವೆ, ಓಣಿ ದಾಟುವುದೂ ಕಷ್ಟ. "ನಾ ಮನಿ ಮನಿಗೆ ಕೇಳೋ ಸವಾಲು ನಿಮಗ ಗೊತ್ತದಲ್ರಿ. ನೀವೇ ಹೋಗ್ರಿ" ಎಂದಳು. ನಂಬರು ಕೊಟ್ಟು ಕೈತೊಳೆದುಕೊಳ್ಳಬೇಕೆಂದಿದ್ದ ನಾನು ಹುಮನಾಬಾದಿನ ಬಸ್ಸು ಹತ್ತಿದೆ.

ಅಲ್ಲಿಯ ಏಜೆಂಟ್ ಒಳ್ಳೆಯ ಮಾತುಗಾರ. ಕಾಗದಗಳನ್ನು ಸುನಂದಾಳ ಅಣ್ಣನ ಮುಂದೆ ಹರಡಿದ. ನಾನು ಅವನ್ನು ಎಳೆದು ಸುನಂದಾಳ ಮುಂದಿಟ್ಟು ಕೇಳಿದೆ, "ಈ ಮನೀ ಹೆಣ್ಮಕ್ಕಳು ಎಷ್ಟ ಮಂದಿ ರೀ?"

"ಅದ್ಯಾಕ್ರಿ ಬೇಕು?"

"ಹೇಳ್ರಿ. ಅಲ್ಲೀ ತನಕಾ ನಾವು ಮನಿ ನೋಡಂಗಿಲ್ಲ."

ಅವನು ಅಣ್ಣನ ಕಡೆ ನೋಡಿದ. ಅಣ್ಣ ಚಹಾ ಕುಡಿಯುತ್ತಿದ್ದ. ಕೊನೆಗೆ, ಮೊದಲ ಸಲ, ಸುನಂದಾಳ ಮುಖ ನೋಡಿ ದನಿ ತಗ್ಗಿಸಿದ.

"ಮೂರು ಮಂದಿ ರೀ. ಕಾಗದದಾಗ ಇಬ್ಬರೇ ಅದಾರ."

ಸುನಂದಾ ಪೆನ್ನಿನ ಮುಚ್ಚಳ ತೆಗೆದಳು. "ಮೂರನೇಕಿ ಹೆಸರೇನ್ರಿ? ಯಾವ ಊರು?"