ಹೆಸರು ತೆಗೆಸಿಕೊಂಡ ಎಲ್ಮರ್

ಎಲ್ಮರ್ ಟಿವಿ ಹಚ್ಚಿದರೆ ಟಿವಿಗಿಂತ ಆತನ ಬೈಗುಳವೇ ಮೇಲಿನ ನಮ್ಮ ಮನೆಗೆ ಜೋರಾಗಿ ಕೇಳುತ್ತಿತ್ತು. "ಆ ಹೆಂಗಸು ಅಳುವ ಮೊದಲೇ ಪಿಟೀಲು ಯಾಕೆ? ಅವಳ ಮೇಲೆ ನಂಬಿಕೆ ಇಲ್ಲವೇನು, ಕತ್ತೆಗಳಾ!" ಭಾನುವಾರ ಒಂದು ಮೊಳೆ ಹೊಡೆಯಲೂ ಬಿಡದ ನಮ್ಮ ಕಟ್ಟಡದ ಉಸ್ತುವಾರಿ ನೋಡುವ ಹೌಸ್‌ಮೈಸ್ಟರ್ ಬಂದು ಬಾಗಿಲು ಬಡಿದರೆ, ಅವನಿಗೂ ಅದರಲ್ಲಿ ಪಾಲು ಸಿಗುತ್ತಿತ್ತು.

ಆತ ಅಮೆರಿಕದ ಸಿನಿಮಾ ನಿರ್ದೇಶಕ. ಕ್ಯಾಲಿಫೋರ್ನಿಯಾದಲ್ಲಿ ಮೂರು ಸಿನಿಮಾ ಮಾಡಿದ್ದ. ಮೂರನೆಯದರ ಕೊನೆಯಲ್ಲಿ ಗಣಿ ಕಾರ್ಮಿಕನ ವಿಧವೆ ಒಬ್ಬಳೇ ಊರು ಬಿಟ್ಟು ಹೊರಡುತ್ತಾಳೆ. ನಿರ್ಮಾಪಕರು ಅದನ್ನು ಕಿತ್ತುಹಾಕಿ, ಗಣಿ ಮಾಲೀಕನ ಜೊತೆ ಅವಳ ಮದುವೆ ಮಾಡಿಸಿಬಿಟ್ಟರು. ಸಿಟ್ಟಿಗೆದ್ದ ಎಲ್ಮರ್ ಸಿನಿಮಾದಿಂದ ತನ್ನ ಹೆಸರು ತೆಗೆಸಿದ. ಆಮೇಲೆ ಅಲ್ಲಿ ಯಾರೂ ಕರೆಯಲಿಲ್ಲ. ಹೆಂಡತಿಯ ತವರಾದ ಜರ್ಮನಿಯ ಮ್ಯಾನ್‌ಹೈಮಿಗೆ ಬಂದು, ಕಾರ್ಖಾನೆಗಳಿಗೆ ಯಂತ್ರಗಳ ಚಿತ್ರ ತೆಗೆಯುತ್ತ ಮುದುಕನಾದ. "ಯಂತ್ರಕ್ಕೆ ಯಾರೂ ಮದುವೆ ಮಾಡಿಸಲ್ಲ" ಎನ್ನುತ್ತಿದ್ದ.

ನಾವು, ಕಂಪ್ಯೂಟರ್ ಎಂಜಿನಿಯರುಗಳಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದವರು. ಅಂದರೆ ಕಾರ್ಡು ಗಂಡನದು. ಆತ ಹತ್ತಿರದ ಊರು ಸೇಂಟ್ ಲಿಯೋನ್-ರೋಟ್‌ಗೆ ಕೆಲಸಕ್ಕೆ ಹೋದರೆ, ಹುಬ್ಬಳ್ಳಿಯಲ್ಲಿ ಡಾಕ್ಟರಾಗಿದ್ದ ನನಗೆ ಇಲ್ಲಿ ದುಡಿಯಲು ಪರವಾನಗಿಯೇ ಇರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಆಗಲೇ ಒಂದು ಟಿವಿ ವಾಹಿನಿ ನಮ್ಮಂಥವರ ಬಗ್ಗೆ ಚಿತ್ರ ಮಾಡಲು ಎಲ್ಮರ್‌ಗೆ ಹೇಳಿತು. ಆತ ನೇರ ಮೆಟ್ಟಿಲು ಹತ್ತಿ ಬಂದ.

"ಎಂಜಿನಿಯರುಗಳು ಬೇಡ, ನಿಮ್ಮ ಸಿಟ್ಟು ಬೇಕು. ನಿಮ್ಮ ಭಾಷೆಯಲ್ಲೇ ಬೈಯಿರಿ."

"ನಾನು ಹೇಳಿದ್ದು ಚಿತ್ರದಲ್ಲಿ ಉಳಿಯುತ್ತದಾ?"

"ಕೊನೆಯಲ್ಲಿ ನನ್ನ ಹೆಸರಿರುತ್ತದೆ. ಅಷ್ಟು ಸಾಲದೇ?"

ಕೈಗೆ ಕೆಲಸ ಕೊಟ್ಟರೆ ಬಾಯಿ ನಾಟಕ ಆಡುವುದಿಲ್ಲ ಎಂಬುದು ಆತನ ಪದ್ಧತಿ. ರೊಟ್ಟಿ ಬಡಿಯಿರಿ ಎಂದವನು ಆತನೇ. ಕ್ಯಾಮೆರಾ ಯಾವಾಗ ಶುರುವಾಯಿತೆಂದು ಹೇಳಲೂ ಇಲ್ಲ. ಹಿಟ್ಟು ತಟ್ಟುತ್ತ ತಟ್ಟುತ್ತ ನನ್ನ ಬಾಯಿ ಬಿಚ್ಚಿತು. "ನಾ ಡಾಕ್ಟರ್ ಅದೀನ್ರಿ. ನನ್ನ ಮುಂದ ಮಂದಿ ಪಾಳಿ ಹಚ್ಚಿ ನಿಂದರ್ತಿದ್ರು. ಗಂಡಗ ಕೆಲಸ ಕೊಟ್ರಿ, ನನಗ ಸುಮ್ನ ಕೂಡು ಅಂದ್ರಿ. ನಾ ಏನ್ ಅವರ ಸೂಟ್‌ಕೇಸ್ ಏನ್ರಿ?" ಕನ್ನಡದ ಒಂದಕ್ಷರ ತಿಳಿಯದ ಮುದುಕ ಕ್ಯಾಮೆರಾದ ಹಿಂದೆ ಕಣ್ಣು ಒರೆಸಿಕೊಂಡ. ಅಂದು ಆತನ ಮೇಲೆ ನನಗೆ ಬಹಳ ಪ್ರೀತಿ ಬಂತು.

ಚಿತ್ರ ಟಿವಿಯಲ್ಲಿ ಬಂದ ದಿನ ಗಂಡನ ಗೆಳೆಯರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ನನ್ನ ಕೈ ರೊಟ್ಟಿ ಬಡಿಯಿತು, ತುಟಿ ಅಲ್ಲಾಡಿತು, ಮಾತು ಮಾತ್ರ ಇಲ್ಲ. ಅದರ ಮೇಲೆ ಸಿತಾರ್! ಗಂಡನಿಗಾಗಿ ಪ್ರೀತಿಯಿಂದ ಅಡುಗೆ ಮಾಡುವ ಭಾರತದ ಹೆಣ್ಣು ಎಂದು ಯಾರೋ ಜರ್ಮನ್‌ನಲ್ಲಿ ಹೇಳಿದರು. ಕೊನೆಯಲ್ಲಿ ಎಲ್ಮರ್ ಹೆಸರೂ ಇರಲಿಲ್ಲ.

ದಡದಡ ಕೆಳಗಿಳಿದೆ.

"ಜಗಳಾಡಿದೆ, ಕೇಳಲಿಲ್ಲ. ನನ್ನ ಹೆಸರು ತೆಗೆಸಿಬಿಟ್ಟೆ," ಎಂದ ಎದೆಯೆತ್ತಿ, ಪದಕ ಗೆದ್ದವನ ಹಾಗೆ.

"ನೀ ಹೆಸರು ತಗಿಸಿದಿ. ನನ್ನ ಮಾರಿ ಯಾರು ತಗೀಬೇಕೋ, ಮುದುಕಾ?" ಎಂದು ಕನ್ನಡದಲ್ಲೇ ಕೂಗಿದೆ. ತಿಳಿಯಲಿ ಎಂದು ಇಂಗ್ಲಿಷಿನಲ್ಲೂ ಹೇಳಿದೆ. ಬಾಗಿಲು ಎಳೆದುಕೊಂಡು ಬಂದೆ.

ಆ ಚಳಿಗಾಲದಲ್ಲೇ ಎಲ್ಮರ್ ತೀರಿಕೊಂಡ. ವರ್ಷಗಟ್ಟಲೆ ಓದಿ, ಪರೀಕ್ಷೆ ಬರೆದು ಪರವಾನಗಿ ಪಡೆದೆ; ಈಗ ಇದೇ ಊರಲ್ಲಿ ನನ್ನದೇ ಕ್ಲಿನಿಕ್ ಇದೆ. ಮೊನ್ನೆ ಬಿ.ಪಿ. ತೋರಿಸಲು ಬಂದ, ಇಲ್ಲೇ ನೆಲೆಸಿರುವ ಧಾರವಾಡದ ಹಿರಿಯರೊಬ್ಬರು ನನ್ನನ್ನೇ ದಿಟ್ಟಿಸಿ ನಕ್ಕರು. "ಡಾಕ್ಟರ್ರ, ಅವತ್ತು ಟಿವಿಯಾಗ ರೊಟ್ಟಿ ಬಡೀತಿದ್ದವ್ರು ನೀವ ಅಲ್ರೀ?"

ಏರಿದ್ದು ನನ್ನ ಬಿ.ಪಿ. ಮನೆಗೆ ಹೋಗಿ, ಕೆಳಗಿಳಿದು ಎಲ್ಮರ್‌ನನ್ನು ಬೈಯೋಣವೆಂದರೆ, ಆ ಮನೆಯಲ್ಲಿ ಈಗ ಯಾರೋ ಬೇರೆಯವರಿದ್ದಾರೆ.