ಹಿತ್ತಾಳೆ ಎಲೆಯ ಕನ್ನಡಿ

ಏಕಸಂಬಿಯಲ್ಲಿ ನೀಲಮಳನ್ನು ‘ಗೂಗಲ್ ಬಾಯಾರು’ ಅಂತ ಕರೆಯುತ್ತಾರೆ; ಬಾಯಾರು ಅಂದರೆ ನಮ್ಮ ಕಡೆ ಟೀಚರಮ್ಮ. ಕಿವುಡ ಮಕ್ಕಳಿಗೆ ಮಾತು ಕಲಿಸುವ ಪುಟ್ಟ ಶಾಲೆ ಅವಳದು. ಪಾಠ ಮುಗಿದರೆ ಸಾಕು, ಮೊಬೈಲಿನಲ್ಲಿ ದಾನಿಗಳನ್ನು ಹುಡುಕುತ್ತ ಕೂರುತ್ತಾಳೆ. ಕಂಪನಿಗಳ ವಾರ್ಷಿಕ ವರದಿ, ಟ್ರಸ್ಟುಗಳ ಜಾಲತಾಣ, ಹಳೆಯ ಪತ್ರಿಕೆಗಳ ಪುಟ, ಎಲ್ಲವೂ ಪುಕ್ಕಟೆ. ಬೇಕಾದದ್ದು ತಾಳ್ಮೆಯೊಂದೇ. ಅದನ್ನು ದೇವರು ಅವಳಿಗೆ ಧಾರಾಳವಾಗಿ ಕೊಟ್ಟಿದ್ದಾನೆ, ಅವಳು ಬರೆದ ಪತ್ರಗಳಿಗೆ ಉತ್ತರಿಸುವ ಬುದ್ಧಿಯನ್ನು ಮಾತ್ರ ದಾನಿಗಳಿಗೆ ಕೊಟ್ಟಿಲ್ಲ.

ಈ ವರ್ಷ ಕಾಯುವ ಹಾಗಿರಲಿಲ್ಲ. ಕುರಿ ಕಾಯುವ ಮಾಳುವಿನ ಮಗಳು ಕೋಮಲ ಶಾಲೆಗೆ ಸೇರಿದ್ದಳು. ಕಿವಿ ಮಷೀನು ಬೇಗ ಸಿಕ್ಕರೆ ಮಗುವಿಗೆ ಮಾತು ಬಂದೀತು, ತಡವಾದರೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸರಕಾರಕ್ಕೆ ಹಾಕಿದ ಅರ್ಜಿ ಎಲ್ಲೋ ನಿದ್ದೆ ಹೊಡೆಯುತ್ತಿತ್ತು.

ಸುತ್ತಲಿನ ಇಂಥದೇ ಶಾಲೆಗಳಿಗೆ ಯಾರು ಕೊಟ್ಟಿದ್ದಾರೆಂದು ನೋಡುತ್ತಿದ್ದಾಗ ನೀಲಮಳ ಬೆರಳು ನಿಂತಿತು. ನಿಪ್ಪಾಣಿಯ ಒಂದು ಶಾಲೆಯ ವರದಿಯಲ್ಲಿ ಕಿವಿ ಮಷೀನುಗಳ ಮುಂದೆ ‘ಗುಪ್ತದಾನ’ ಎಂದಿತ್ತು. ಅಥಣಿಯದರಲ್ಲೂ ಹಾಗೇ, ರಾಯಬಾಗದಲ್ಲೂ ಹಾಗೇ. ಮಷೀನುಗಳ ಜೊತೆ ಪ್ರತಿ ಸಲವೂ ಒಂದು ದೊಡ್ಡ ಕನ್ನಡಿ ಬಂದಿತ್ತು. ತುಟಿಯ ಆಟ ನೋಡಿ ಮಾತು ಕಲಿಯುವ ಮಕ್ಕಳಿಗೆ ಕನ್ನಡಿ ಬೇಕೇ ಬೇಕು, ಆದರೆ ಅದು ಹೊರಗಿನ ದಾನಿಗೆ ಹೊಳೆಯುವ ಮಾತಲ್ಲ. ಫೋಟೋ ಹಿಗ್ಗಿಸಿದಳು. ಎಲ್ಲ ಚೌಕಟ್ಟುಗಳ ಮೂಲೆಯಲ್ಲೂ ಒಂದೇ ಥರದ ಹಿತ್ತಾಳೆ ಎಲೆ. ಆಮೇಲೆ ಮೊಬೈಲಿನ ನಕಾಶೆ ತೆಗೆದು ಸುತ್ತಿನ ಕನ್ನಡಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಯಾರೋ ಗಿರಾಕಿ ಹಾಕಿದ್ದ ಕುಡಚಿಯ ಅಂಗಡಿಯೊಂದರ ಚಿತ್ರದಲ್ಲಿ ಅದೇ ಎಲೆ ಮಿಂಚುತ್ತಿತ್ತು. ನೀಲಮ ಅಂಗಡಿಯ ವಿಳಾಸ ಬರೆದುಕೊಂಡಳು.

ನಮ್ಮ ಕಡೆ ದಾನಿಯ ಹತ್ತಿರ ಬರಿಗೈಲಿ ಹೋಗುವವರುಂಟೆ? ಶಾಲು, ಹಾರ, ಕಾಯಿ ಹಿಡಿದಳು. ದೊಡ್ಡ ಸಾಹುಕಾರನೇ ಇರಬೇಕೆಂದು ಅವನ ತಲೆಗೆ ತೊಡಿಸಲು ಕೆಂಪು ಫೇಟಾವನ್ನೂ ಕೈಯಲ್ಲಿ ಹಿಡಿದು ಕುಡಚಿಯ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಸಾಹುಕಾರನಿರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಒಬ್ಬ ಹೆಂಗಸು ಚೌಕಟ್ಟಿಗೆ ಎಲೆ ಬಡಿಯುತ್ತಿದ್ದಳು. ನೀಲಮ ಎರಡು ಸಲ ಕರೆದರೂ ತಿರುಗಲಿಲ್ಲ. ಮೂರನೆಯ ಸಲ ಎದುರಿನ ಕನ್ನಡಿಯಲ್ಲಿ ಇಬ್ಬರ ಕಣ್ಣು ಕೂಡಿದವು.

“ಬರ್ರಿ ಅಕ್ಕಾರ,” ಎಂದಳು ಆಕೆ. ಏರಿಳಿತವಿಲ್ಲದ, ತಿದ್ದಿ ತೀಡಿದ ದನಿ. ವರ್ಷಗಟ್ಟಲೆ ಬೆವರು ಹರಿಸಿದ ಮೇಲೆ ಕಿವುಡರ ಬಾಯಲ್ಲಿ ಬರುವ ಆ ದನಿ ನೀಲಮಳಿಗೆ ಗೊತ್ತು.

ಆಕೆ ಜೈಬುನ್. ಅಂಗಡಿ ಅವಳದೇ. ಮಾತು ಕಲಿಸುವ ಶಾಲೆ ಹತ್ತಿರವೆಲ್ಲೂ ಇಲ್ಲದ ಕಾಲದಲ್ಲಿ ತಂದೆ ಅವಳನ್ನು ಇದೇ ಕನ್ನಡಿಗಳ ಮುಂದೆ ಕೂರಿಸಿ, ತನ್ನ ತುಟಿ ತೋರಿಸಿ, ಒಂದೊಂದೇ ಮಾತು ಕಲಿಸಿದ್ದನಂತೆ. ನೀಲಮ ಮೊಬೈಲು ತೋರಿಸಿ, ಎಲೆಯ ಗುರುತು ಹಿಡಿದು ಬಂದ ದಾರಿಯನ್ನೆಲ್ಲ ಹೇಳಿದಳು, ಮಷೀನಿಗಾಗಿ ಕಾದಿರುವ ಮಗುವಿನ ಸಂಗತಿಯನ್ನೂ ಹೇಳಿದಳು. ಫೇಟಾ ಕಂಡು ಜೈಬುನ್ ಮೊದಲು ನಕ್ಕಳು, ಆಮೇಲೆ ಮುಖ ಗಂಭೀರವಾಯಿತು.

“ಹೆಸರ ಹಾಕಿದ್ರ ಕೊಡೂದ ನಿಲ್ಲಸ್ತೀನ್ರಿ. ಈಗ ಮಂದಿ ಕನ್ನಡಿ ನೋಡಾಕ ಬರ್ತಾರ. ಆಮ್ಯಾಲ ನನ್ನ ನೋಡಾಕ ಬರ್ತಾರ.”

ನೀಲಮ ಶಾಲನ್ನು ಚೀಲಕ್ಕೆ ತುರುಕಿದಳು. ಇಷ್ಟು ವರ್ಷ ದೊಡ್ಡ ದೊಡ್ಡ ಹೆಸರುಗಳ ಬೆನ್ನು ಹತ್ತಿದ್ದಕ್ಕೆ ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

“ಕೂಸಿನ ಹೆಸರೇನ್ರಿ?” ಕನ್ನಡಿಯಲ್ಲಿ ಅವಳ ತುಟಿಯನ್ನೇ ನೋಡುತ್ತ ಜೈಬುನ್ ಕೇಳಿದಳು.

ಮಷೀನೂ ಕನ್ನಡಿಯೂ ಬಂದವು. ಒಂದು ದಿನ ಕೋಮಲ ಕನ್ನಡಿಯೊಳಗಿನ ತನ್ನ ಬಾಯಿಯನ್ನು ತಾನೇ ನೋಡುತ್ತ “ಅಪ್ಪಾ” ಎಂದಳು. ಬಾಗಿಲಲ್ಲಿ ನಿಂತಿದ್ದ ಮಾಳು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ.

ಆ ಗಳಿಗೆಯಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೋವನ್ನೇ ನೀಲಮ ಶಾಲೆಯ ವರದಿಗೆ ಆರಿಸಿದಳು. ‘ಗುಪ್ತದಾನ’ ಎಂದು ಬರೆದು, ಜಾಲತಾಣಕ್ಕೆ ಏರಿಸುವ ಮುಂಚೆ ಮತ್ತೊಮ್ಮೆ ನೋಡಿದಳು. ಹಿತ್ತಾಳೆ ಎಲೆ ಇದ್ದ ಮೂಲೆಯನ್ನು ಕತ್ತರಿಸಿ ತೆಗೆದಳು.