ಇಳಿಯಲು ಬಿಡದ ದಡ

“ಅಲ್ಲೇ ಇರಿ ಐಯಾ, ಕಾಲು ಕೆಳಗಿಡಬೇಡಿ!” ಎಂದು ದಡದಲ್ಲಿದ್ದ ಕಾವಲುಗಾರ ಕೋಲು ಎತ್ತಿದ. ನಾನು ಹರಿಗೋಲಿನಲ್ಲೇ ಕೂತೆ.

ಅದು ಕೊರೋನಾ ಕಾಲ. ಪೊಳ್ಳಾಚಿ ಕಡೆಯ ಅಣೆಕಟ್ಟೆಯೊಂದರಲ್ಲಿ ಹೂಳು ಅಳೆಯಲು ನನ್ನನ್ನು ಕರೆಸಿದ್ದರು. ಮಧ್ಯಾಹ್ನ ಗಾಳಿ ಎದ್ದು ಹರಿಗೋಲಿನಲ್ಲಿದ್ದ ನಮ್ಮಿಬ್ಬರನ್ನೂ ಈ ಊರಿನ ದಡಕ್ಕೆ ತಳ್ಳಿತ್ತು. ಊರಿನವರು ರಸ್ತೆಗೆ ಮುಳ್ಳು ಹಾಕಿ, ನೀರಿನ ಕಡೆಗೆ ಈ ಮುರುಗೇಶನನ್ನು ನಿಲ್ಲಿಸಿದ್ದರು.

“ಹೊರಗಿನವರು ಇಳಿಯೋ ಹಾಗಿಲ್ಲ,” ಎಂದ ಅವನು.

ಹುಟ್ಟು ಹಾಕುತ್ತಿದ್ದ ಸೆಲ್ವಂ ಬೇಡಿಕೊಂಡ. “ಇವರಿಗೆ ಸಕ್ಕರೆ ಕಾಯಿಲೆ ಅಣ್ಣಾ. ಬಹಳ ಹೊತ್ತಿನಿಂದ ತಡ್ಕೊಂಡಿದ್ದಾರೆ.”

“ಗಾಳಿ ನಿಲ್ಲೋವರೆಗೂ ತಡ್ಕೊಳ್ಳಲಿ.”

“ಹಾಗಾದ್ರೆ ಗಾಳಿಗೇ ಬೇಗ ನಿಲ್ಲೋಕೆ ಹೇಳಿ.”

ನಾನು ಮೊದಲ ಸಲ ಬಾಯಿ ಬಿಟ್ಟೆ. “ಈ ನೀರು ಯಾರಿಗೆ?”

“ನಮ್ಮೂರ ಟ್ಯಾಂಕಿಗೆ ಐಯಾ. ಕುಡಿಯೋಕೆ ಬಹಳ ರುಚಿ,” ಎಂದು ಮುರುಗೇಶ ಹೆಮ್ಮೆಪಟ್ಟ.

ನಾನು ನೀರಿನ ಕಡೆ ತಿರುಗಿ ಬೆಲ್ಟು ಸಡಿಲಿಸಿದೆ.

“ಐಯಾ, ಬೇಡ! ಇಳೀರಿ, ಇಳೀರಿ!” ಎಂದು ಕೋಲು ಎಸೆದು ಅವನೇ ಮೊಣಕಾಲುದ್ದ ನೀರಿಗೆ ಬಂದ. ಹರಿಗೋಲನ್ನು ದಡಕ್ಕೆ ಎಳೆದು, ನನ್ನ ರಟ್ಟೆ ಹಿಡಿದು ಇಳಿಸಿದ.

ಬೇಲಿಯ ಮರೆಯಿಂದ ನಾನು ನೆಮ್ಮದಿಯಾಗಿ ವಾಪಸು ಬಂದಾಗ ಅವನ ಹೆಂಡತಿ ದೂರದಲ್ಲಿ ನಿಂತು ಕೂಗುತ್ತಿದ್ದಳು. ಎಲ್ಲವನ್ನೂ ನೋಡಿದ್ದಳು.

“ಮುಟ್ಟಿಬಿಟ್ಟಿರಲ್ಲ, ಇನ್ನು ನೀವೂ ಹೊರಗಿನವರೇ! ಮನೆ ಕಡೆ ಬಂದ್ರೆ ನೋಡಿ!”

ಅವನ ಪರವಾಗಿ ಊರಿನಲ್ಲಿ ಯಾರೂ ಮಾತಾಡಲಿಲ್ಲ.

ಸಂಜೆ ಗಾಳಿ ನಿಂತಿತು. ಹರಿಗೋಲಿನಲ್ಲಿ ಮೂವರು ಹೊರಟೆವು.